ನಾನು ಹೊರಟ ಮೇಲೆ ಬರುವ ನಕ್ಷತ್ರ

ಮದುವೆಯಾದ ಹೊಸದರಲ್ಲಿ ಕುಣಿಗಲ್ಲಿನ ನಮ್ಮ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು, ನಿಮ್ಮ ಕೆಲಸ ಏನು ಅಂತ ಸರಿಯಾಗಿ ಬಿಡಿಸಿ ಹೇಳಿ ಎಂದು ಕೇಳಿದ್ದರು. ಆಕಾಶದಿಂದ ರೇಡಿಯೋ ಅಲೆಗಳು ಬರುತ್ತವೆ, ನಾವು ದುರ್ಬೀನು ಹಿಡಿದು ನೋಡುವುದಿಲ್ಲ, ಆಂಟೆನಾ ನೆಟ್ಟು ಅವನ್ನು ಹಿಡಿಯುತ್ತೇವೆ ಎಂದೆ.

"ಹಿಡಿದ್ರೆ ಏನ್ ಕೇಳ್ಸುತ್ತೆ?"

"ಗೊರ್ ಅಂತ ಸದ್ದು."

"ನಮ್ಮನೆ ರೇಡಿಯೋನೂ ಹಂಗೇ ಮಾಡ್ತದೆ. ಅದಕ್ಯಾರೂ ಸಂಬಳ ಕೊಡಲ್ಲ," ಅಂದರು ಅತ್ತೆ.



ಹುಟ್ಟಿನಿಂದಲೇ ನನ್ನದು ಚಿಂತೆಯ ಜಾತಕ. ಬೀಗ ಹಾಕಿ ಹೊರಟವನು ರಸ್ತೆಯ ಕೊನೆಯಿಂದ ವಾಪಸ್ ಬಂದು ಬೀಗ ಎಳೆದು ನೋಡುತ್ತೇನೆ. ಮತ್ತೆ ರಸ್ತೆಯ ಕೊನೆಗೆ ಹೋದ ಮೇಲೆ, ಎಳೆದಾಗ ಬೀಗ ಬಿಟ್ಟುಕೊಂಡಿತೇನೋ ಎಂದು ಅನುಮಾನ ಬರುತ್ತದೆ. ಇಂಥವನು ನಕ್ಷತ್ರಗಳ ಕೆಲಸಕ್ಕೆ ಯಾಕೆ ಹೋದ ಎಂದು ಕೇಳಿದರೆ, ಅವು ಅಷ್ಟು ದೂರದಲ್ಲಿವೆಯಲ್ಲ, ನಾನು ಏನು ಎಡವಟ್ಟು ಮಾಡಿದರೂ ಅವಕ್ಕೆ ತಾಗುವುದಿಲ್ಲ ಎಂಬ ಧೈರ್ಯ. ತುಮಕೂರಿನಲ್ಲಿ ಬಿ.ಎಸ್ಸಿ., ಬೆಂಗಳೂರಿನಲ್ಲಿ ಎಂ.ಎಸ್ಸಿ., ಆಮೇಲೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ತಾತ್ಕಾಲಿಕ ಹುದ್ದೆ. ತಾತ್ಕಾಲಿಕ ಎಂಬ ಪದವನ್ನು ನಾನು ಮರೆತರೂ ಹೆಂಡತಿ ಮರೆಯುತ್ತಿರಲಿಲ್ಲ. ಅವಳದು ತುಮಕೂರಿನ ಶಾಲೆಯೊಂದರಲ್ಲಿ ಕಾಯಂ ಕೆಲಸ. ನಮ್ಮ ಬಾಡಿಗೆ ಮನೆ ಬಟವಾಡಿಯಲ್ಲಿ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಸಂಸ್ಥೆಯವರು ಗುಬ್ಬಿಯಾಚೆ ಒಂದು ಬಂಜರು ಜಮೀನು ಹಿಡಿದು ಅಲ್ಲಿ ಆಂಟೆನಾಗಳನ್ನು ನೆಟ್ಟರು. ಆಂಟೆನಾ ಅಂದರೆ ದೊಡ್ಡ ಬಟ್ಟಲಿನಂಥದ್ದು ಅಂದುಕೊಳ್ಳಬೇಡಿ. ಸಾಲಾಗಿ ಕಂಬ, ಕಂಬದಿಂದ ಕಂಬಕ್ಕೆ ತಂತಿ. ಬಟ್ಟೆ ಒಣಗಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಸುತ್ತ ಯಾವ ಊರಲ್ಲೂ ಇರಲಿಲ್ಲ, ಮತ್ತು ಅದು ಸುತ್ತಲಿನ ಊರಿನವರಿಗೆ ಬೇಗನೆ ಗೊತ್ತಾಯಿತು. ಒಂದು ಮೂಲೆಯಲ್ಲಿ ತಗಡಿನ ಶೆಡ್ಡು. ಅದರೊಳಗೆ ಯಂತ್ರ. ಯಂತ್ರದ ಪೆನ್ನು ನಿಧಾನಕ್ಕೆ ಬಿಚ್ಚಿಕೊಳ್ಳುವ ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು. ಆಕಾಶದಿಂದ ಸದ್ದು ಬಂದರೆ ಗೆರೆ ಏರಬೇಕು, ಹೋದರೆ ಇಳಿಯಬೇಕು. ಇದನ್ನು ನೋಡಿಕೊಳ್ಳುವವನು ನಾನೊಬ್ಬನೇ.

ಆಂಟೆನಾ ನೆಟ್ಟಲ್ಲೇ ನಿಂತಿರುತ್ತದೆ, ಆಕಾಶವೇ ಅದರ ಮೇಲಿಂದ ಹಾದು ಹೋಗಬೇಕು. ನಾವು ಹಿಂದೆ ಬಿದ್ದಿದ್ದು ಎಂದೋ ಸಿಡಿದುಹೋದ ಒಂದು ನಕ್ಷತ್ರದ ಅವಶೇಷದ ಹಿಂದೆ. ಅದು ದಿನಕ್ಕೊಂದು ಸಲ ನಮ್ಮ ಕಂಬಗಳ ನೆತ್ತಿಯ ಮೇಲೆ ಬರುತ್ತದೆ. ಆದರೆ ನಿನ್ನೆ ಬಂದ ಹೊತ್ತಿಗೇ ಇವತ್ತು ಬರುವುದಿಲ್ಲ, ನಾಲ್ಕು ನಿಮಿಷ ಮುಂಚೆ ಬರುತ್ತದೆ. ನಾಳೆ ಇನ್ನೂ ನಾಲ್ಕು ನಿಮಿಷ ಮುಂಚೆ. ಎಲ್ಲ ನಕ್ಷತ್ರಗಳೂ ಹೀಗೇ. ಹಾಗಾಗಿ ತಿಂಗಳು ಕಳೆಯುವಷ್ಟರಲ್ಲಿ ನನ್ನ ಕೆಲಸದ ಹೊತ್ತು ಎರಡು ಗಂಟೆ ಹಿಂದಕ್ಕೆ ಸರಿದಿರುತ್ತಿತ್ತು. ಸಂಜೆಯ ಕೆಲಸ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ಬೆಳಗಿಗೆ. ಬಟವಾಡಿಯ ನಮ್ಮ ಬೀದಿಯವರು ನನ್ನ ಸ್ಕೂಟರು ಹೊರಡುವ ಹೊತ್ತು ನೋಡಿ, ಇವನಿಗೆ ನಿಜವಾಗಿ ಕೆಲಸ ಇದೆಯೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತಿದ್ದರು.

ಈ ನಾಲ್ಕು ನಿಮಿಷ ನಮ್ಮ ಕಸುಬಿನ ಒರೆಗಲ್ಲು. ಸಂಸ್ಥೆಯ ಬೆಂಗಳೂರಿನ ಕಚೇರಿಯಲ್ಲಿದ್ದ ನಮ್ಮ ಹಿರಿಯರು ಮೊದಲ ದಿನವೇ ಹೇಳಿಕೊಟ್ಟಿದ್ದರು: "ಕಾಗದದ ಮೇಲೆ ಏನಾದರೂ ಹೊಸದು ಕಂಡರೆ ಕುಣಿಯಬೇಡ. ದಿನಾ ಅದೇ ಹೊತ್ತಿಗೆ ಬಂದರೆ ಅದು ಮನುಷ್ಯನದು. ಮೋಟರ್ರೋ, ಮಿಕ್ಸಿಯೋ. ಮನುಷ್ಯ ಕೈಗಡಿಯಾರ ನೋಡ್ತಾನೆ. ದಿನಾ ನಾಲ್ಕು ನಿಮಿಷ ಮುಂಚೆ ಬಂದರೆ ಮಾತ್ರ ನನಗೆ ಫೋನ್ ಮಾಡು."

ನಮ್ಮ ಜಮೀನಿಗೆ ತಿರುಗುವ ಮಣ್ಣಿನ ದಾರಿಯ ಬಾಯಲ್ಲಿ ಒಂದು ಚಹಾದಂಗಡಿ, ಅದರ ಪಕ್ಕದಲ್ಲಿ ಒಂದು ವೆಲ್ಡಿಂಗ್ ಅಂಗಡಿ. ವೆಲ್ಡಿಂಗ್ ಅಂಗಡಿಯವರು ಗುಬ್ಬಿಯವರೇ, ನನಗಿಂತ ಸ್ವಲ್ಪ ದೊಡ್ಡವರು. ಕಿಟಕಿಗೆ ಗ್ರಿಲ್ಲು, ಮನೆಗೆ ಗೇಟು ಮಾಡಿಕೊಡುತ್ತಿದ್ದರು. ಊರವರೆಲ್ಲ ಭಾಯ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ವೆಲ್ಡಿಂಗಿನ ಕಿಡಿ ನಮ್ಮ ಯಂತ್ರಕ್ಕೆ ಯಮ. ಅಷ್ಟು ಹತ್ತಿರದಲ್ಲಿ ಒಂದು ಕಿಡಿ ಹಾರಿದರೆ ಪೆನ್ನು ಕಾಗದದ ಅಂಚಿಗೆ ಹೋಗಿ ಬಡಿಯುತ್ತದೆ. ಮೊದಲ ವಾರವೇ ಹೋಗಿ ಕೇಳಿಕೊಂಡೆ.

"ನಾವು ಒಳಗೆ ಕೆಲಸ ಮಾಡೋವಾಗ ನೀವು ಸ್ವಲ್ಪ ನಿಲ್ಸಿದ್ರೆ..."

"ಎಷ್ಟೊತ್ತಿಗೆ ಸಾರ್?"

ನಾಲ್ಕು ನಿಮಿಷದ ಕತೆ ಹೇಳಲು ಬಾಯಿ ತೆರೆದೆ. ಹೇಳಿದರೆ ಈ ಮನುಷ್ಯ ನನ್ನನ್ನು ಹುಚ್ಚ ಅಂದುಕೊಳ್ಳುತ್ತಾರೆ ಎನ್ನಿಸಿ, "ಸದ್ಯಕ್ಕೆ ಮೂರರಿಂದ ನಾಲ್ಕು. ಆಮೇಲೆ ಹೇಳ್ತೀನಿ," ಅಂದೆ.

"ಆಯ್ತು ಬುಡಿ ಸಾರ್."

ಆಮೇಲೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೊಟ್ಟೆಪಾಡಿಗೆ ದುಡಿಯುವವರ ಹತ್ತಿರ ವಾರಕ್ಕೊಂದು ಸಲ ಹೋಗಿ, ಇವತ್ತಿನಿಂದ ಎರಡೂವರೆಗೆ ನಿಲ್ಲಿಸಿ, ಇವತ್ತಿನಿಂದ ಎರಡಕ್ಕೆ ನಿಲ್ಲಿಸಿ ಅನ್ನುವುದು ಹೇಗೆ? ಅದರ ಬದಲು ದಿನವೂ ಪೆನ್ನಿನ ಮುಂದೆ ಉಸಿರು ಬಿಗಿ ಹಿಡಿದು ಕೂರುತ್ತಿದ್ದೆ, ಇನ್ನೇನು ಕಿಡಿ ಬಂತು, ಇನ್ನೇನು ಬಂತು ಎಂದು. ಆದರೆ ಬರಲಿಲ್ಲ. ನಮ್ಮ ಅವಶೇಷ ಗುಡ್ಡದ ಹಾಗೆ ನುಣ್ಣಗೆ ಏರಿ ನುಣ್ಣಗೆ ಇಳಿಯುತ್ತಿತ್ತು. ಕಾರಣವೂ ನನಗೆ ಹೊಳೆಯಿತು: ಭಾಯ್‌ಗೆ ಕೆಲಸವೇ ಇಲ್ಲ. ನಾನು ಬರುವಾಗ ನೋಡಿದರೆ ಅವರು ಅಂಗಡಿಯ ಮುಂದೆ ಚಹಾ ಹಿಡಿದು ಕೂತಿರುತ್ತಿದ್ದರು, ನಾನು ಹೋಗುವಾಗ ನೋಡಿದರೂ ಕೂತಿರುತ್ತಿದ್ದರು. ಕೈಯೆತ್ತಿ ನಗುತ್ತಿದ್ದರು. ಪಾಪ, ಈ ದಾರಿಯಲ್ಲಿ ಯಾರು ಗೇಟು ಮಾಡಿಸುತ್ತಾರೆ, ಸಂಸಾರ ಹೇಗೆ ನಡೆಯುತ್ತದೋ ಎಂದು ಸ್ಕೂಟರಿನ ಮೇಲೆ ಬಟವಾಡಿಯವರೆಗೂ ಚಿಂತೆ ಮಾಡುತ್ತಿದ್ದೆ. ಚಿಂತೆ ತಡೆಯಲಾರದೆ ಅವರ ಹತ್ತಿರ ಒಂದು ಬಟ್ಟೆ ಸ್ಟ್ಯಾಂಡು ಮಾಡಿಸಿದೆ. ಆಮೇಲೆ ಹೂಕುಂಡದ ಸ್ಟ್ಯಾಂಡು. ನಮ್ಮ ಮನೆಯಲ್ಲಿ ಹೂಕುಂಡ ಇರಲಿಲ್ಲ.

"ಇದೇನ್ರೀ ಇದು?" ಎಂದಳು ಹೆಂಡತಿ.

"ಪಾಪ ಕಣೇ, ಅವರಿಗೆ ವ್ಯಾಪಾರ ಇಲ್ಲ."

"ನಮಗೂ ಕುಂಡ ಇಲ್ಲ," ಅಂದು ಅದನ್ನು ಹಿತ್ತಲಿಗೆ ಸಾಗಿಸಿದಳು.

ಇಷ್ಟರಲ್ಲಿ ಕಾಗದದ ಮೇಲೆ ಅದು ಬಂತು.

ಅವಶೇಷ ಇಳಿದ ಮೇಲೆ ನನಗೆ ಅಲ್ಲಿ ಕೆಲಸವಿರಲಿಲ್ಲ. ತಗಡಿನ ಕೆಳಗೆ ಕೂತರೆ ಬೇಯುತ್ತಿದ್ದೆ. ಹಾಗಾಗಿ ಯಂತ್ರವನ್ನು ಚಾಲೂ ಬಿಟ್ಟು ಮನೆಗೆ ಹೊರಡುತ್ತಿದ್ದೆ. ಸುರುಳಿ ಮುಗಿಯುವ ತನಕ ಅದು ಖಾಲಿ ಆಕಾಶದ ಗೆರೆ ಎಳೆಯುತ್ತ ಇರಲಿ, ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ ಎಂದು. ಒಂದು ಬೆಳಿಗ್ಗೆ ಬಂದು ಹಿಂದಿನ ದಿನದ ಸುರುಳಿ ಬಿಚ್ಚಿದರೆ, ಖಾಲಿ ಇರಬೇಕಾದ ಆಕಾಶದಲ್ಲಿ ಪೆನ್ನು ಎದ್ದು ನಿಂತಿತ್ತು. ಗುಡ್ಡದ ಆಕಾರವಲ್ಲ. ಎದ್ದು ಬಿದ್ದು ಎದ್ದು ಬಿದ್ದು, ಒತ್ತೊತ್ತಾಗಿ ಬೇಲಿ ಹಾಕಿದ ಹಾಗೆ. ಹಳೆಯ ಸುರುಳಿಗಳನ್ನು ಬಿಚ್ಚಿದೆ. ಅವುಗಳಲ್ಲೂ ಇತ್ತು. ನಾನೇ ಖಾಲಿ ಆಕಾಶ ಎಂದು ನೋಡದೆ ಸುತ್ತಿಟ್ಟಿದ್ದೆ.

ಹಿರಿಯರ ಒರೆಗಲ್ಲಿಗೆ ಉಜ್ಜಿದೆ. ಬೇಲಿ ಶುರುವಾಗುವ ಹೊತ್ತು ದಿನದಿಂದ ದಿನಕ್ಕೆ ಹಿಂದೆ ಸರಿಯುತ್ತಿತ್ತು. ಸ್ವಲ್ಪ ಆಚೀಚೆ ಆಗುತ್ತಿತ್ತು, ನಿಜ, ಅದನ್ನು ಕಾಗದ ಎಳೆಯುವ ಮೋಟರಿನ ತಲೆಗೆ ಕಟ್ಟಿದೆ. ಒಟ್ಟಾರೆ ನೋಡಿದರೆ ದಿನಕ್ಕೆ ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ. ಕರೆಂಟು ಹೋದ ದಿನ ಮಾತ್ರ ಬೇಲಿ ಇರುತ್ತಿರಲಿಲ್ಲ. ಆದರೆ ಕರೆಂಟು ಹೋದರೆ ನಮ್ಮ ಪೆನ್ನೂ ನಿಲ್ಲುತ್ತಿತ್ತಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಭಾನುವಾರ ನಾನೇ ಹೋಗುತ್ತಿರಲಿಲ್ಲ.

ಗುಬ್ಬಿಯ ಎಸ್‌ಟಿಡಿ ಬೂತಿನಿಂದ ಹಿರಿಯರಿಗೆ ಫೋನ್ ಮಾಡಿದೆ.

"ನಾಲ್ಕು ನಿಮಿಷ? ಸರಿಯಾಗಿ ನೋಡಿದ್ಯಾ?"

"ಎರಡು ತಿಂಗಳದ್ದು ನೋಡಿದೀನಿ ಸಾರ್."

"ಹತ್ತಿರ ಯಾರಾದರೂ..."

"ಒಬ್ಬರು ವೆಲ್ಡಿಂಗಿನವರಿದ್ದಾರೆ. ಅವರಿಗೆ ಮೂರರಿಂದ ನಾಲ್ಕು ನಿಲ್ಸಿ ಅಂತ ಹೇಳಿದೀನಿ. ಇದು ಈಗ ಹನ್ನೆರಡರ ಹತ್ತಿರ ಬರ್ತಿದೆ. ಅವರದ್ದಾಗಿದ್ರೆ ದಿನಾ ಒಂದೇ ಹೊತ್ತಿಗೆ ಬರ್ಬೇಕಿತ್ತು. ಅಲ್ದೆ ಅವರಿಗೆ ಪಾಪ, ಕೆಲಸಾನೇ ಇಲ್ಲ."

"ಹಾಗಾದರೆ ಪ್ಯಾನೆಲ್ ಮುಂದೆ ಇಡೋಣ," ಅಂದರು.

ಪ್ಯಾನೆಲ್ ಅಂದರೆ ಪರಿಶೀಲನೆಗೆ ಬರಲಿದ್ದ ಹೊರಗಿನ ಮೂವರು ತಜ್ಞರು. ನಮ್ಮ ಜಮೀನು ಉಳಿಯಬೇಕೋ, ಕಂಬ ಕಿತ್ತು ದೂರದ ಇನ್ನೊಂದು ರಾಜ್ಯದ ಮರಳುಗಾಡಿನ ಕಡೆಗೆ ಸಾಗಿಸಬೇಕೋ ಎಂಬುದನ್ನು ಅವರು ತೀರ್ಮಾನಿಸುವವರಿದ್ದರು. ತುಮಕೂರು ಬೆಳೆಯುತ್ತಿದೆ, ಹೆದ್ದಾರಿ ಹತ್ತಿರ, ಗಲಾಟೆ ಜಾಸ್ತಿ ಎಂದು ಮೇಲಿನವರಿಗೆ ಮೊದಲಿನಿಂದ ಅನುಮಾನ. ಕಂಬ ಹೋದರೆ ನಾನೂ ಅದರ ಹಿಂದೆ ಹೋಗಬೇಕು, ಇಲ್ಲವೇ ಕೆಲಸ ಬಿಡಬೇಕು. ಹೆಂಡತಿ ಬರುವಂತಿಲ್ಲ, ಅವಳದು ಕಾಯಂ. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ನಮ್ಮ ಭಾವಮೈದುನ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ನನಗೆ ಜಾಗ ನೋಡಿಯೇ ಇಟ್ಟಿದ್ದ. "ಬರೋ ನಟ್ಟು ಬೋಲ್ಟು ಸರಿಯಾಗಿದೆಯಾ ಅಂತ ನೋಡೋದು ಅಷ್ಟೇ ಭಾವ. ನಿಮ್ಮ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಂಗಿದೆ," ಅಂದಿದ್ದ. ನಿಜ ಅದೇ, ಅದಕ್ಕೇ ಹೆದರಿದ್ದೆ. ಬೀಗ ಎಳೆದು ನೋಡುವವನಿಗೆ ದಿನಕ್ಕೆ ಸಾವಿರ ಬೋಲ್ಟು ಕೊಟ್ಟರೆ ಅವನು ಉಳಿಯುತ್ತಾನೆಯೇ?

ಆದರೆ ಹೊಸದೊಂದು ಆಕಾಶಕಾಯ ಸಿಕ್ಕ ಜಾಗವನ್ನು ಯಾರು ಮುಚ್ಚುತ್ತಾರೆ? ಆ ದಿನಗಳಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ, ಅದೇ ಒಂದು ಚಿಂತೆಯಾಗಿತ್ತು.

ಪ್ಯಾನೆಲ್ ಬರುವ ಹಿಂದಿನ ದಿನ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಹೆಂಡತಿಗೆ ಬೇಲಿಯ ವಿಷಯ ಇನ್ನೊಂದು ಸಲ ವರ್ಣಿಸಿದೆ.

"ಅದು ಬರೋವಾಗ ನೀವು ನೋಡಿದೀರಾ?" ಎಂದಳು.

"ಇಲ್ಲ. ನಾನು ಹೊರಟ ಮೇಲೇ ಬರುತ್ತೆ. ನನ್ನ ಹಣೆಬರಹ ಗೊತ್ತಲ್ಲ."

"ನಿಮ್ಮ ಮುಖ ನೋಡಿ ಹೆದರ್ಕೊಳ್ಳೋ ನಕ್ಷತ್ರ ಅನ್ಸುತ್ತೆ. ಇವತ್ತೊಂದಿನ ಅಲ್ಲೇ ಕೂತು ನೋಡ್ಬಾರ್ದಾ? ನಾಳೆ ಅವರು ಕೇಳಿದ್ರೆ ಕಣ್ಣಾರೆ ಕಂಡೆ ಅನ್ಬಹುದು."

ಸರಿ ಎನ್ನಿಸಿತು. ಅವಶೇಷ ಬಂತು, ನುಣ್ಣಗೆ ಏರಿತು, ಇಳಿಯಿತು. ನಾನು ಹೊರಡಲಿಲ್ಲ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆ. ಪೆನ್ನು ಸುಮ್ಮನೆ ನೇರಕ್ಕೆ ಹೋಗುತ್ತಿತ್ತು. ಹನ್ನೆರಡು ದಾಟಿತು. ಒಂದು ದಾಟಿತು. ಬೇಲಿ ಇಲ್ಲ. ತಗಡು ಕಾದು ಚಟಚಟ ಅನ್ನತೊಡಗಿತು. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂತೆ. ಯಂತ್ರ ಕೆಟ್ಟಿದೆಯೇನೋ ಎಂದು ಎಲ್ಲ ವೈರು ಅಲುಗಾಡಿಸಿ ನೋಡಿದೆ. ಕರೆಂಟು ಅವತ್ತು ಎಂದಿಗಿಂತ ಚೆನ್ನಾಗಿತ್ತು. ಎರಡು, ಮೂರು. ಎರಡು ತಿಂಗಳು ತಪ್ಪದೆ ಬಂದ ನಕ್ಷತ್ರ ಪ್ಯಾನೆಲ್ಲಿನ ಹಿಂದಿನ ದಿನ ಕೈ ಕೊಟ್ಟಿತ್ತು. ನಟ್ಟು ಬೋಲ್ಟುಗಳು ಕಣ್ಣ ಮುಂದೆ ಬಂದವು.

ಬಿಸಿಲು ಇಳಿಯುವ ಹೊತ್ತಿಗೆ ಯಾರೋ ಕಂಬಗಳ ನಡುವೆ ನಡೆದು ಬರುವುದು ಕಾಣಿಸಿತು. ಭಾಯ್. ಕೈಯಲ್ಲಿ ಚಹಾದ ಲೋಟ. ಶೆಡ್ಡಿನ ಬಾಗಿಲಲ್ಲಿ ನಿಂತು, ಬನಿಯನ್ನಿನಲ್ಲಿದ್ದ ನನ್ನನ್ನೂ ನೆಲದ ಮೇಲೆ ಹರಡಿದ್ದ ಕಾಗದವನ್ನೂ ನೋಡಿದರು.

"ಹುಷಾರಿದೀರಾ ಸಾರ್?"

"ಹುಷಾರಿದೀನಿ ಭಾಯ್. ಯಾಕೆ?"

"ಅಲ್ಲ, ಇಷ್ಟೊತ್ತಿಗೆ ಹೋಗ್ಬಿಡ್ತಿದ್ರಿ. ಇವತ್ತು ಗಾಡಿ ಹೊರಗೆ ಬರ್ಲೇ ಇಲ್ಲ. ಚಹಾ ತಗೊಳ್ಳಿ." ಲೋಟ ಕೊಟ್ಟು ಕತ್ತು ತುರಿಸಿಕೊಂಡರು. "ಕೇಳ್ಬಾರ್ದು ಸಾರ್, ನಿಮ್ಮ ಕೆಲಸ ದೊಡ್ಡದು. ಆದ್ರೆ ನಿಮ್ದು ಮುಗಿಯೋದು ಇನ್ನೂ ಲೇಟಾಗುತ್ತಾ? ನಾಳೆ ಬೆಳಿಗ್ಗೆ ಹೆಬ್ಬೂರಲ್ಲಿ ಗೃಹಪ್ರವೇಶ. ಅವರ ಗೇಟು ನನ್ಹತ್ರ ಇದೆ, ಅರ್ಧ ಆಗಿದೆ. ನೀವು ಹೋದ ಮೇಲೆ ಬೆಸುಗೆ ಹಾಕಣ ಅಂತ ಹನ್ನೆರಡು ಗಂಟೆಯಿಂದ ಕಾಯ್ತಾ ಕೂತಿದೀನಿ."

ಲೋಟ ಯಂತ್ರದ ಪಕ್ಕ ಇಟ್ಟೆ.

"ನಾನು ಹೋದ ಮೇಲೆ?"

"ಹ್ಞೂಂ ಸಾರ್. ನೀವೇ ಹೇಳಿದ್ರಲ್ಲ, ಕೆಲಸ ಮಾಡೋವಾಗ ಬೇಡ ಅಂತ. ಮೂರರಿಂದ ನಾಲ್ಕು ಅಂದ್ರಿ, ಆಮೇಲೆ ನೋಡಿದ್ರೆ ನಿಮ್ಮ ಟೈಮು ದಿನಾ ಜರುಗ್ತಾ ಜರುಗ್ತಾ ಹೋಯ್ತು. ದಿನಾ ಬಂದು ಏನ್ ಕೇಳೋದು ಅಂತ ನಾನೇ ನಿಮ್ಮ ಗಾಡಿ ನೋಡ್ಕೊಂಡೆ. ಗಾಡಿ ಒಳಗೆ ಹೋಯ್ತಾ, ಬಂದ್. ಹೊರಗೆ ಬಂತಾ, ಚಾಲೂ."

ನಾನು ನಕ್ಷತ್ರ ನೋಡಿಕೊಂಡು ಹೋಗುತ್ತಿದ್ದೆ, ಭಾಯ್ ನನ್ನನ್ನು ನೋಡಿಕೊಂಡು ವೆಲ್ಡಿಂಗ್ ಮಾಡುತ್ತಿದ್ದರು. ಕೈಗಡಿಯಾರ ಯಾರೂ ನೋಡಿರಲಿಲ್ಲ.

"ಮತ್ತೆ ನಾನು ಬರೋವಾಗ ಹೋಗೋವಾಗೆಲ್ಲ ಸುಮ್ನೆ ಕೂತಿರ್ತಿದ್ರಲ್ಲ, ಕೆಲಸ ಇಲ್ಲ ಅಂದ್ಕೊಂಡಿದ್ದೆ."

ಭಾಯ್ ನಕ್ಕರು. "ಗಾಡಿ ಸದ್ದು ಕೇಳಿದ ತಕ್ಷಣ ನಿಲ್ಸಿ ಚಹಾ ತಗೋತಿದ್ದೆ. ಮೈತುಂಬ ಕೆಲಸ ಇದೆ ಸಾರ್. ನಿಮ್ಮ ಹೂಕುಂಡದ ಸ್ಟ್ಯಾಂಡೂ ನಡುವೆ ತೂರಿಸಿ ಮಾಡ್ಕೊಟ್ಟಿದ್ದು."

"ಹೋಗಿ ಭಾಯ್," ಅಂದೆ. "ಗೇಟು ಮುಗಿಸಿ. ನಂದು ಮುಗೀತು."

ಅವರು ಹೋದ ಮೇಲೆ ಪೆನ್ನಿನ ಮುಂದೆಯೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ದಾರಿಯ ಬಾಯಲ್ಲಿ ನೀಲಿ ಬೆಳಕು ಚಿಮ್ಮಿತು. ಪೆನ್ನು ಎದ್ದಿತು. ಬೆಳಕು ನಿಂತಿತು, ಪೆನ್ನು ಬಿತ್ತು. ಮತ್ತೆ ಬೆಳಕು, ಮತ್ತೆ ಪೆನ್ನು. ಹೆಬ್ಬೂರಿನ ಯಾರದೋ ಗೇಟು ಒಂದೊಂದೇ ಸರಳಾಗಿ ನನ್ನ ಕಾಗದದ ಮೇಲೆ ತಯಾರಾಯಿತು. ಇನ್ನೊಬ್ಬರಾಗಿದ್ದರೆ ನಗುತ್ತಿದ್ದರು. ನಾನು ನಾಳೆ ಏನು ಹೇಳುವುದು ಎಂದು ಯೋಚಿಸುತ್ತಿದ್ದೆ. ಸುಮ್ಮನಿದ್ದು ಬೇಲಿಯನ್ನು ಮುಂದಿಡುವುದಂತೂ ಸಾಧ್ಯವಿರಲಿಲ್ಲ. ಅದು ಪ್ರಾಮಾಣಿಕತೆಯೇನಲ್ಲ, ಸಿಕ್ಕಿಬೀಳುವ ಭಯಕ್ಕೆ ನನಗೆ ಜೀವಮಾನ ಸಾಲುತ್ತಿರಲಿಲ್ಲ.

ಮರುದಿನ ಮೂವರೂ ಹಿರಿಯರ ಜೊತೆ ಕಾರಿನಲ್ಲಿ ಬಂದರು. ಅವರಲ್ಲಿ ಮುಖ್ಯಸ್ಥರು ಬಹಳ ವಯಸ್ಸಾದವರು, ಬಂದವರೇ "ಎಲ್ಲಿ ನಿಮ್ಮ ಹೊಸ ನಕ್ಷತ್ರ?" ಎಂದು ಕೇಳಿದರು. ಹಿರಿಯರು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಅವರಿಗೆ ಮುಂಚೆಯೇ ಹೇಳೋಣವೆಂದರೆ ಕಾರು ನೇರವಾಗಿ ಶೆಡ್ಡಿನ ಮುಂದೆ ಬಂದು ನಿಂತಿತ್ತು.

"ಅದು ಗೇಟು ಸಾರ್," ಎಂದೆ.

ಎಲ್ಲ ಹೇಳಿದೆ. ಹೇಳುವಾಗ ಹಿರಿಯರ ಮುಖ ನೋಡಲಿಲ್ಲ, ಅವರ ಬೂಟು ನೋಡುತ್ತಿದ್ದೆ. ಬೂಟು ಒಂದು ಸಲ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ಉಳಿದ ಇಬ್ಬರು ತಜ್ಞರು ಒಬ್ಬರನ್ನೊಬ್ಬರು ನೋಡಿಕೊಂಡರು. ಮುಖ್ಯಸ್ಥರು ಮಾತ್ರ ನೆಲಕ್ಕೆ ಕೂತು ಎರಡು ತಿಂಗಳ ಸುರುಳಿಗಳನ್ನೂ ಬಿಚ್ಚಿಸಿದರು. ಬೇಲಿಯ ಕಡೆ ಅವರು ನೋಡಲೇ ಇಲ್ಲ. ಅದಕ್ಕೆ ಮುಂಚಿನ, ನಮ್ಮ ಅವಶೇಷದ ಗುಡ್ಡಗಳ ಮೇಲೆ ಬೆರಳಾಡಿಸಿದರು, ಒಂದಾದ ಮೇಲೆ ಒಂದು.

"ಇಲ್ಲಿ ಒಂದು ಕಿಡಿಯೂ ಇಲ್ಲ. ಒಂದು ದಿನವೂ," ಅಂದರು. "ಆ ಮನುಷ್ಯ ಎಲ್ಲಿದ್ದಾರೆ?"

ಗೇಟು ತಲುಪಿಸಿ ಹೆಬ್ಬೂರಿನಿಂದ ಆಗ ತಾನೇ ಬಂದಿದ್ದ ಭಾಯ್ ಅಂಗಡಿಯ ಮುಂದೆ ಎದ್ದು ನಿಂತರು. ಮುಖ್ಯಸ್ಥರು ಚಹಾದಂಗಡಿಯ ಬೆಂಚಿನ ಮೇಲೆ ಕೂತು ಕನ್ನಡದಲ್ಲೇ ಕೇಳಿದರು.

"ದಿನಾ ಕೆಲಸ ನಿಲ್ಸಿ ಕೂರೋದು ನಿಮಗೆ ಕಷ್ಟ ಆಗಲ್ವೇನ್ರೀ?"

"ಆಗುತ್ತೆ ಸಾರ್."

"ಮತ್ಯಾಕೆ ನಿಲ್ಸಿದ್ರಿ?"

ಭಾಯ್ ನನ್ನ ಕಡೆ ಒಮ್ಮೆ ನೋಡಿದರು. "ಅವರು ಬಂದು ಕೇಳಿದ್ರು. ಆ ಮುಖ ಇಟ್ಕೊಂಡು ಕೇಳಿದ್ರೆ ಯಾರಾದ್ರೂ ಇಲ್ಲ ಅಂತಾರಾ? ಮನೇಲಿ ಯಾರಿಗೋ ಹುಷಾರಿಲ್ವೇನೋ ಅಂದ್ಕೊಂಡೆ."

ಮುಖ್ಯಸ್ಥರು ಲೋಟ ಕೆಳಗಿಟ್ಟು ನಕ್ಕರು. ಹಿರಿಯರೂ ನಕ್ಕರು, ಅದು ನನಗೆ ದೊಡ್ಡ ಸಮಾಧಾನ. ಕಾರು ಹತ್ತುವಾಗ ಮುಖ್ಯಸ್ಥರು ಹಿರಿಯರಿಗೆ ಹೇಳಿದ್ದು ನನಗೂ ಕೇಳಿಸಿತು: "ಮರಳುಗಾಡಿಗೆ ಹೋದರೂ ಅಲ್ಲಿ ಒಬ್ಬ ವೆಲ್ಡರ್ ಇದ್ದೇ ಇರ್ತಾನೆ. ಅವನು ಹೇಗಿರ್ತಾನೋ ನಮಗೆ ಗೊತ್ತಿಲ್ಲ. ಇವರು ಗೊತ್ತು. ಕಂಬ ಇಲ್ಲೇ ಇರಲಿ."

ಕಂಬ ಉಳಿಯಿತು. ಒಂದೆರಡು ವರ್ಷದಲ್ಲಿ ನನ್ನ ಹುದ್ದೆಯೂ ಕಾಯಂ ಆಯಿತು. ಹಿರೇಹಳ್ಳಿಯ ಬೋಲ್ಟುಗಳನ್ನು ಬೇರೆ ಯಾರೋ ನೋಡಿಕೊಂಡರು. ಭಾಯ್‌ಗೆ ಕೊನೆಗೂ ನಾಲ್ಕು ನಿಮಿಷದ ಕತೆ ಹೇಳಿದೆ. ಗಮನವಿಟ್ಟು ಕೇಳಿ, "ಅಂದ್ರೆ ಚಂದ್ರನ ಹಂಗೆ ಇದಕ್ಕೂ ಅದರದ್ದೇ ಲೆಕ್ಕ," ಅಂದರು. ನಾನು ಇಷ್ಟು ದಿನ ಯಾಕೆ ಹೆದರಿದ್ದೆ ಎಂದು ತಿಳಿಯಲಿಲ್ಲ. ಆದರೂ ಅವರು ಕ್ಯಾಲೆಂಡರಿಗಿಂತ ನನ್ನ ಸ್ಕೂಟರನ್ನೇ ನಂಬಿದರು, ಅದೇ ಒಳ್ಳೆಯದಾಯಿತು.

ಹೊಸ ಶತಮಾನ ಬಂತು. ಪೆನ್ನು ಹೋಗಿ ಕಂಪ್ಯೂಟರ್ ಬಂತು, ಸ್ಕೂಟರು ಹೋಗಿ ಸಂಸ್ಥೆಯ ಜೀಪು ಬಂತು. ಜೀಪಿನಲ್ಲಿ ನಾನಲ್ಲದೆ ಬೇರೆಯವರೂ ಓಡಾಡುತ್ತಿದ್ದರಿಂದ ಭಾಯ್‌ಗೆ ಗೊಂದಲವಾಗತೊಡಗಿತು. ಅಷ್ಟರಲ್ಲಿ ಗುಬ್ಬಿಗೆ ಮೊಬೈಲ್ ಟವರ್ರೂ ಬಂತು, ಅದು ನನ್ನ ಈಚಿನ ಚಿಂತೆಗಳ ದೊಡ್ಡಣ್ಣ. ಭಾಯ್ ಒಂದು ಮೊಬೈಲ್ ಕೊಂಡು, ಶೆಡ್ಡಿಗೆ ಆಗಷ್ಟೇ ಹಾಕಿಸಿದ್ದ ಫೋನಿನ ನಂಬರನ್ನು ನನ್ನಿಂದ ಬರೆಸಿಕೊಂಡರು. ಮಾರನೆಯ ದಿನ, ಅವಶೇಷ ಗುಡ್ಡದ ತುದಿಗೆ ಏರುತ್ತಿದ್ದ ಹೊತ್ತಿನಲ್ಲಿ, ತೆರೆಯ ಮೇಲಿನ ಗೆರೆ ಒಮ್ಮೆಲೇ ಎದ್ದು ನಿಂತಿತು. ಅದೇ ಗಳಿಗೆಗೆ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಕಿಟಕಿಯಲ್ಲಿ ನೋಡಿದರೆ ಭಾಯ್ ಕಂಬಗಳ ನಡುವೆಯೇ ನಿಂತು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಅಂಗಡಿಯ ಹತ್ತಿರ ಸಿಗ್ನಲ್ ಸರಿಯಾಗಿ ಸಿಗುತ್ತಿರಲಿಲ್ಲವಂತೆ.

"ಸಾರ್, ಮುಗೀತಾ? ಶುರು ಮಾಡ್ಲಾ?"

ತೆರೆಯ ಮೇಲೆ ಗುಡ್ಡ ಇರಲಿಲ್ಲ.

"ಇನ್ನೂ ಸ್ವಲ್ಪ ಇದೆ ಭಾಯ್," ಅಂದೆ.

"ಅರ್ಜೆಂಟಿಲ್ಲ ಸಾರ್, ನಿಧಾನಕ್ಕೆ ಮಾಡಿ. ಹತ್ತು ನಿಮಿಷ ಬಿಟ್ಟು ಇನ್ನೊಂದ್ಸಲ ಫೋನ್ ಮಾಡ್ತೀನಿ."